ಎದೆ ಮೇಲೊಂದು ಕರಿಕಲ್ಲಿನ ಪಟ್ಟಿ: ಬಳ್ಳಾರಿ ತಂಡದ ಜರ್ಸಿ ಹೇಗಿರಬೇಕು?

ಪ್ರಶ್ನೆ: ನಮ್ಮದು ಬಳ್ಳಾರಿಯ ಒಂದು ಫುಟ್‌ಬಾಲ್ ತಂಡ. ಶಾಲೆ ಹುಡುಗರು, ಕೆಲಸಕ್ಕೆ ಹೋಗುವವರು ಎಲ್ಲ ಸೇರಿ ಆಡುತ್ತೇವೆ. ಈ ಸಲ ಹೊಸ ಜರ್ಸಿ ಮಾಡಿಸಬೇಕು. ಹೊರದೇಶದ ಕ್ಲಬ್‌ಗಳು ತಮ್ಮ ಊರಿನ ವಿಜ್ಞಾನ, ಕಾರ್ಖಾನೆಗಳ ನೆನಪನ್ನು ಜರ್ಸಿಯಲ್ಲಿ ತರುತ್ತವೆ ಅಂತ ಓದಿದ್ದೇವೆ. ನಮಗೂ ಹಾಗೇ ಮಾಡುವ ಆಸೆ. ಹಿರಿಯರು ಕೋಟೆ ಹಾಕಿಸಿ ಅನ್ನುತ್ತಾರೆ. ಹುಡುಗರಿಗೆ ರಾಕೆಟ್, ಪರಮಾಣು ಚಿಹ್ನೆ ಬೇಕು. ಒಬ್ಬರು ಗಂಡಭೇರುಂಡ ಇರಲಿ ಅಂದರು. ಬೆಂಗಳೂರಿಗಾದರೆ ಇಸ್ರೋ ಇದೆ. ಬಳ್ಳಾರಿಯಲ್ಲಿ ವಿಜ್ಞಾನದ ಪರಂಪರೆ ಅಂತ ಏನಿದೆ? ಬಣ್ಣ ಗ್ರಾನೈಟಿನ ಬೂದು ಇರಲಿ ಅಂದುಕೊಂಡಿದ್ದೇವೆ. ಇಲ್ಲೇ ಜೀನ್ಸ್ ಹೊಲಿಯುವವರ ಹತ್ತಿರ ಹೊಲಿಸಬಹುದಾ?

ಉತ್ತರ: ಬಳ್ಳಾರಿಯಲ್ಲಿ ವಿಜ್ಞಾನದ ಪರಂಪರೆ ಇಲ್ಲ ಅಂತ ತಂಡದಲ್ಲಿ ಯಾರಾದರೂ ಅಂದರೆ, ಅವರನ್ನು ಒಂದು ಭಾನುವಾರ ಸಂಗನಕಲ್ಲು ಕಡೆ ಕರೆದುಕೊಂಡು ಹೋಗಿ. ಊರಿನ ಪಕ್ಕದಲ್ಲೇ ಇರುವ ಆ ಗುಡ್ಡಗಳಲ್ಲಿ ಸುಮಾರು 3,500 ವರ್ಷ ಹಿಂದೆ ಕಲ್ಲಿನ ಕೊಡಲಿ ತಯಾರಿಸುವ ದೊಡ್ಡ ಕೇಂದ್ರವೇ ಇತ್ತು. ಯಾರೋ ಒಬ್ಬರು ತಮಗೆ ಬೇಕಾದ ಒಂದೆರಡು ಕೊಡಲಿ ಮಾಡಿಕೊಂಡು ಹೋದ ಜಾಗ ಅಲ್ಲ ಅದು. ತಲೆಮಾರುಗಟ್ಟಲೆ ಜನ ಕೂತು ಕೆಲಸ ಮಾಡಿದ್ದಾರೆ. ಒಡೆದ ಚಕ್ಕೆಗಳು ಇವತ್ತಿಗೂ ಅಲ್ಲಿ ರಾಶಿ ರಾಶಿ ಸಿಗುತ್ತವೆ.

ಆ ಕೊಡಲಿಯ ಕಲ್ಲಿಗೆ ಭೂವಿಜ್ಞಾನಿಗಳು ಡೊಲೆರೈಟ್ ಅನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಕರಿಕಲ್ಲು. ಬಳ್ಳಾರಿ ಸುತ್ತಲಿನ ಗುಡ್ಡಗಳು ಹೆಚ್ಚಾಗಿ ಗ್ರಾನೈಟ್. ಗ್ರಾನೈಟಿನ ಹರಳು ದಪ್ಪ. ಅದಕ್ಕೆ ಅಲಗು ತೆಗೆಯಲು ಹೋದರೆ ಹರಳು ಉದುರುತ್ತದೆ, ಅಲಗು ನಿಲ್ಲುವುದಿಲ್ಲ. ಡೊಲೆರೈಟಿನ ಹರಳು ಸಣ್ಣ, ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ಏಟು ತಡೆಯುತ್ತದೆ. ಈ ವ್ಯತ್ಯಾಸ ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅವರು ಡೊಲೆರೈಟ್ ತುಂಡನ್ನು ಇನ್ನೊಂದು ಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸಿ ಒರಟು ಆಕಾರ ಕೊಡುತ್ತಿದ್ದರು. ಆಮೇಲೆ ಸಣ್ಣ ಸಣ್ಣ ಏಟು ಹಾಕಿ ಉಬ್ಬುತಗ್ಗು ಸರಿ ಮಾಡುತ್ತಿದ್ದರು. ಕೊನೆಗೆ ಗ್ರಾನೈಟ್ ಬಂಡೆ ಮೇಲೆ ನೀರು ಹಾಕಿ ಉಜ್ಜಿ ಅಲಗು ತೆಗೆಯುತ್ತಿದ್ದರು. ಅಂದರೆ ಅಲಗಿಗೆ ಬೇಡ ಅಂತ ಬಿಟ್ಟ ಗ್ರಾನೈಟನ್ನೇ ಸಾಣೆಗೆ ಬಳಸಿಕೊಂಡರು! ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪಾದ ತಗ್ಗುಗಳು ಈಗಲೂ ಇವೆ. ಯಾವ ಕಲ್ಲು ಯಾವ ಕೆಲಸಕ್ಕೆ ಅಂತ ಪರೀಕ್ಷೆ ಮಾಡಿ, ತಿಳಿದುಕೊಂಡು, ಮಕ್ಕಳಿಗೆ ಕಲಿಸುವುದು ವಿಜ್ಞಾನ ಅಲ್ಲದೆ ಇನ್ನೇನು?

ಅಲ್ಲೇ ಕಪ್ಪಗಲ್ಲು ಕಡೆಯ ಹಿರೇಗುಡ್ಡದಲ್ಲಿ ಇನ್ನೊಂದು ವಿಶೇಷ ಇದೆ. ಕೆಲವು ಡೊಲೆರೈಟ್ ಬಂಡೆಗಳಿಗೆ ಕಲ್ಲಿನಿಂದ ಏಟು ಹಾಕಿದರೆ ಗಂಟೆಯ ಹಾಗೆ ಗಾಢವಾದ ನಾದ ಬರುತ್ತದೆ. ಎಲ್ಲ ಬಂಡೆಗೂ ಈ ಗುಣ ಇಲ್ಲ. ಒಳಗೆ ಬಿರುಕಿಲ್ಲದ, ಕೆಳಗಿನ ಕಲ್ಲಿಗೆ ಒಂದೆರಡು ಕಡೆ ಮಾತ್ರ ತಾಗಿ ಕೂತ ಬಂಡೆ ಆಗಿರಬೇಕು. ಏಟಿನಿಂದ ಎದ್ದ ಕಂಪನ ಬಂಡೆಯೊಳಗೆ ಓಡಾಡುತ್ತಾ ಇರುತ್ತದೆ. ಪೂರ್ತಿ ನೆಲಕ್ಕೆ ಊರಿ ಕೂತ ಬಂಡೆಯಲ್ಲಿ ಆ ಕಂಪನ ನೆಲಕ್ಕೆ ಇಳಿದು ಸತ್ತುಹೋಗುತ್ತದೆ. ಹಳೆಯ ಜನ ಈ ನಾದದ ಬಂಡೆಗಳನ್ನು ಹುಡುಕಿ ಹುಡುಕಿ ಬಾರಿಸಿದ್ದಾರೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಏಟು ಬಿದ್ದು ಬಂಡೆಯಲ್ಲಿ ಸಣ್ಣ ಬಟ್ಟಲಿನಂಥ ಗುಳಿಗಳಾಗಿವೆ. ಸುತ್ತಲಿನ ಬಂಡೆಗಳಲ್ಲಿ ಉದ್ದ ಕೊಂಬಿನ, ಡುಬ್ಬದ ಎತ್ತುಗಳನ್ನು, ಮನುಷ್ಯರನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆತ್ತಿದ ಚಿತ್ರವಲ್ಲ ಅದು. ಬಂಡೆಯ ಕಪ್ಪಾದ ಮೇಲ್ಪದರ ಏಟಿಗೆ ಎದ್ದುಹೋಗಿ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಇಡೀ ಎತ್ತು ಬರೀ ಚುಕ್ಕಿಗಳಿಂದ ಆಗಿದೆ. ಈ ಚುಕ್ಕಿ ನೆನಪಿಟ್ಟುಕೊಳ್ಳಿ, ಜರ್ಸಿಗೆ ಬೇಕಾಗುತ್ತದೆ.

ಇದನ್ನೆಲ್ಲ ಹುಡುಕಿ ಅರ್ಥ ಮಾಡಿಕೊಂಡವರ ಕೆಲಸವೂ ಬಳ್ಳಾರಿಯ ವಿಜ್ಞಾನದ ಪರಂಪರೆಯೇ. ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದವರು. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಕೈಗೊಡಲಿ ಕಂಡುಹಿಡಿದು ಭಾರತದ ಶಿಲಾಯುಗದ ಅಧ್ಯಯನಕ್ಕೆ ಬಾಗಿಲು ತೆಗೆದವರು. ಬಳ್ಳಾರಿ ಜಿಲ್ಲೆಯ ಕಲ್ಲುಗಳನ್ನು ಸುತ್ತಾಡಿ ದಾಖಲಿಸಿದವರೂ ಅವರೇ. ಹಿರೇಗುಡ್ಡದ ಚಿತ್ರಗಳ ಬಗ್ಗೆ ಫಾಸೆಟ್ ಎಂಬವರು 1892ರಲ್ಲೇ ಬರೆದಿದ್ದರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. 2000ದ ನಂತರ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್ ಮತ್ತು ಅವರ ಜೊತೆಗಾರರ ಕೆಲಸದಿಂದ ಹಿರೇಗುಡ್ಡದ ನಾದದ ಬಂಡೆಗಳು ಜಗತ್ತಿನ ಗಮನಕ್ಕೆ ಬಂದವು. ಬಳ್ಳಾರಿಯಲ್ಲೇ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇದೆ. ಜರ್ಸಿ ಕೆಲಸ ಶುರು ಮಾಡುವ ಮೊದಲು ಇಡೀ ತಂಡ ಅಲ್ಲಿಗೆ ಹೋಗಿ ಬನ್ನಿ.

ಈಗ ಜರ್ಸಿಗೆ ಬರೋಣ.

ಊರಿನ ವಿಜ್ಞಾನವನ್ನು ಜರ್ಸಿಗೆ ತರುವಾಗ ಎಲ್ಲರೂ ಮಾಡುವ ಕೆಲಸ ಒಂದೇ: ಒಂದು ಚಿತ್ರ ತಂದು ಎದೆ ಮೇಲೆ ಅಂಟಿಸುವುದು. ಪರಮಾಣು ಚಿಹ್ನೆ, ರಾಕೆಟ್, ಡಿಎನ್‌ಎ ಏಣಿ, ಹಲ್ಲುಚಕ್ರ. ಇವು ಯಾವ ಊರಿಗೂ ಸೇರಿದವಲ್ಲ. ಹಾಸನದ ತಂಡ ಹಾಕಿಕೊಂಡರೂ ನಡೆಯುತ್ತದೆ, ಬೀದರಿನ ತಂಡ ಹಾಕಿಕೊಂಡರೂ ನಡೆಯುತ್ತದೆ. ಕೋಟೆ ನಮ್ಮದೇ, ಒಪ್ಪುತ್ತೇನೆ. ಆದರೆ ಬಳ್ಳಾರಿ ಅಂದ ತಕ್ಷಣ ಎಲ್ಲರೂ ಹಾಕುವುದು ಅದೇ ಕೋಟೆಯ ಚಿತ್ರ. ಮೈದಾನದ ಇನ್ನೊಂದು ಬದಿಯಿಂದ ನೋಡಿದರೆ ಅದು ಬರೀ ಕಂದು ಮಚ್ಚೆಯಂತೆ ಕಾಣುತ್ತದೆ. ಗಂಡಭೇರುಂಡವಂತೂ ರಾಜ್ಯ ಸರ್ಕಾರದ ಲಾಂಛನದಲ್ಲಿರುವ ಗುರುತು. ಸರ್ಕಾರದ ಲಾಂಛನವನ್ನು ನಮಗೆ ಬೇಕಾದ ಹಾಗೆ ಬಳಸಲು ಕಾನೂನಿನ ತಡೆ ಇದೆ. ಸುಮ್ನೆ ತೊಂದರೆ ಯಾಕೆ?

ಒಳ್ಳೆಯ ಉದಾಹರಣೆಗಳನ್ನು ನೋಡಿ. ಮ್ಯಾಂಚೆಸ್ಟರ್ ಸಿಟಿ ತಂಡದ 2019-20ರ ತವರು ಜರ್ಸಿಗೆ ಆ ಊರಿನ ಹತ್ತಿ ಗಿರಣಿಗಳ ಮಗ್ಗವೇ ಪ್ರೇರಣೆ. ಮಗ್ಗದ ಚಿತ್ರ ಹಾಕಲಿಲ್ಲ. ಬಟ್ಟೆಯ ನೇಯ್ಗೆಯ ವಿನ್ಯಾಸದಲ್ಲೇ ಅದನ್ನು ತಂದರು. ದೂರಕ್ಕೆ ಮಾಮೂಲಿ ತಿಳಿ ನೀಲಿ ಜರ್ಸಿ, ಹತ್ತಿರ ಬಂದರೆ ಗಿರಣಿಯ ನೆನಪು. ಜರ್ಮನಿಯ ಯೇನಾ ಊರಿನದು ಇನ್ನೂ ಚಂದ. ಅಲ್ಲಿನ ಕಾರ್ಲ್ ಝೈಸ್ ಯೇನಾ ಕ್ಲಬ್ಬನ್ನು 1903ರಲ್ಲಿ ಕಟ್ಟಿದವರು ಮಸೂರ, ಸೂಕ್ಷ್ಮದರ್ಶಕ ಮಾಡುವ ಝೈಸ್ ಕಾರ್ಖಾನೆಯ ಕೆಲಸಗಾರರು. ಅವರ ಕ್ರೀಡಾಂಗಣಕ್ಕೆ ಎರ್ನ್ಸ್ಟ್ ಅಬ್ಬೆ ಎಂಬ ಭೌತವಿಜ್ಞಾನಿಯ ಹೆಸರಿದೆ. ಸೂಕ್ಷ್ಮದರ್ಶಕ ಎಷ್ಟು ಚಿಕ್ಕದನ್ನು ಬಿಡಿಸಿ ತೋರಿಸಬಲ್ಲದು ಎಂಬುದಕ್ಕೆ ಮಿತಿ ಲೆಕ್ಕ ಹಾಕಿ ಕೊಟ್ಟವರು ಅವರು. ನೆದರ್ಲೆಂಡ್ಸ್‌ನ ಪಿಎಸ್‌ವಿ ಐಂಡ್ಹೋವನ್ 1913ರಲ್ಲಿ ಹುಟ್ಟಿದ್ದು ಬಲ್ಬ್ ತಯಾರಿಸುತ್ತಿದ್ದ ಫಿಲಿಪ್ಸ್ ಕಾರ್ಖಾನೆಯಿಂದ. ಅವರ ಜರ್ಸಿಯಲ್ಲಿ ಬಲ್ಬಿನ ಚಿತ್ರ ಇಲ್ಲ, ಕೆಂಪು ಬಿಳಿ ಅಷ್ಟೇ. ಆದರೂ ಆ ಊರಿನಲ್ಲಿ ಎಲ್ಲರಿಗೂ ಕಥೆ ಗೊತ್ತು.

ನಿಮ್ಮ ತಂಡಕ್ಕೆ ನನ್ನ ಸಲಹೆ ಒಂದೇ ವಿನ್ಯಾಸ. ಹಿರೇಗುಡ್ಡವನ್ನು ಕಣ್ಣಿಗೆ ತಂದುಕೊಳ್ಳಿ. ತಿಳಿ ಬಣ್ಣದ ಗ್ರಾನೈಟ್ ಗುಡ್ಡ. ಅದನ್ನು ಸೀಳಿಕೊಂಡು ಕಪ್ಪು ಡೊಲೆರೈಟಿನ ಪಟ್ಟಿ ಹೋಗುತ್ತದೆ. ಕೋಟ್ಯಂತರ ವರ್ಷ ಹಿಂದೆ ಗ್ರಾನೈಟಿನಲ್ಲಿ ಬಿರುಕು ಬಿಟ್ಟು, ಆ ಬಿರುಕಿನೊಳಗೆ ಕೆಳಗಿನಿಂದ ಕಾದ ಶಿಲಾರಸ ನುಗ್ಗಿ, ತಣಿದು ಗಟ್ಟಿಯಾದದ್ದು. ಭೂವಿಜ್ಞಾನದಲ್ಲಿ ಇದಕ್ಕೆ ಡೈಕ್ ಅನ್ನುತ್ತಾರೆ. ಕೊಡಲಿ ಬಂದದ್ದು ಇದೇ ಪಟ್ಟಿಯಿಂದ. ನಾದದ ಬಂಡೆ, ಎತ್ತಿನ ಚಿತ್ರ ಎರಡೂ ಇರುವುದು ಇದೇ ಪಟ್ಟಿಯ ಮೇಲೆ. ತಿಳಿ ಹಿನ್ನೆಲೆಯ ಮೇಲೆ ಒಂದು ಕಪ್ಪು ಓರೆಪಟ್ಟಿ ಅಂದರೆ ಅದು ಫುಟ್‌ಬಾಲ್ ಜರ್ಸಿಯೇ ಅಲ್ವಾ? ಅರ್ಜೆಂಟೀನಾದ ರಿವರ್ ಪ್ಲೇಟ್, ಪೆರು ದೇಶದ ತಂಡ, ಇಬ್ಬರೂ ಬಿಳಿ ಮೇಲೆ ಕೆಂಪು ಓರೆಪಟ್ಟಿ ಹಾಕಿಕೊಂಡೇ ಲೋಕಕ್ಕೆಲ್ಲ ಗುರುತಾಗಿದ್ದಾರೆ. ನಿಮ್ಮದು ಕರಿಕಲ್ಲಿನ ಪಟ್ಟಿ. ಪ್ರಕೃತಿ ಆಗಲೇ ಬರೆದಿಟ್ಟಿದೆ, ನೀವು ಬಟ್ಟೆಗೆ ಇಳಿಸಿಕೊಂಡರೆ ಸಾಕು.

ಹಿನ್ನೆಲೆ ಬಣ್ಣದ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನನ್ನ ಜಗಳ ಇದೆ. ಬೂದು ಬೇಡ. ಬೂದು ಬಣ್ಣಕ್ಕೆ ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ಕಾರಣವೇ ಇದೆ, ಅದು ನನಗೂ ಗೊತ್ತು. ಕುಡತಿನಿಯ ಬೂದಿ ದಿಬ್ಬದ ಕಥೆ ಯಾವ ಪತ್ತೇದಾರಿ ಕಥೆಗೂ ಕಮ್ಮಿ ಇಲ್ಲ. ಇಂಥ ದಿಬ್ಬಗಳನ್ನು ಜನ ಪುರಾಣದ ವೀರರ ಚಿತೆಯ ಬೂದಿ ಅಂದರು, ಹಂಪಿ ಹತ್ತಿರದ ದಿಬ್ಬವನ್ನು ವಾಲಿಯ ಚಿತೆ ಅಂತ ಈಗಲೂ ತೋರಿಸುತ್ತಾರೆ. ಜ್ವಾಲಾಮುಖಿ ಬೂದಿ, ಲೋಹ ಕರಗಿಸಿದ ಕಿಟ್ಟ ಎಂಬ ಊಹೆಗಳೂ ಇದ್ದವು. ಇದು ಹಳೆಯ ದನಗಾಹಿಗಳ ಸಗಣಿ ಸುಟ್ಟ ಬೂದಿ ಅಂತ ಫೂಟ್ ಹೇಳಿದರು. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1950ರ ದಶಕದಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ಬೂದಿ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿಯ ಗುರುತು, ದನಗಳ ಗೊರಸಿನ ಗುರುತು ಎರಡೂ ಸಿಕ್ಕವು. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಬಳ್ಳಾರಿ ಸೀಮೆಯ ದಿಬ್ಬದ ಬೂದಿಯನ್ನು ಪರೀಕ್ಷೆ ಮಾಡಿ ಅದು ಸಗಣಿಯದೇ ಅಂತ ತೋರಿಸಿದರು. ಇಷ್ಟು ಚಂದದ ಕಥೆ ಬೂದು ಬಣ್ಣದ ಹಿಂದೆ ಇದೆ.

ಆದರೂ ಬೇಡ. 1996ರ ಏಪ್ರಿಲ್ 13ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಬೂದು ಜರ್ಸಿ ಹಾಕಿಕೊಂಡು ಸೌತಾಂಪ್ಟನ್‌ನಲ್ಲಿ ಆಡಿತು. ಅರ್ಧ ಆಟಕ್ಕೆ 3-0 ಹಿಂದೆ. ನಮ್ಮವರೇ ನಮಗೆ ಸರಿಯಾಗಿ ಕಾಣುತ್ತಿಲ್ಲ ಅಂತ ಅರ್ಧ ವಿರಾಮದಲ್ಲಿ ಜರ್ಸಿಯನ್ನೇ ಬದಲಾಯಿಸಿ ನೀಲಿ ಬಿಳಿ ಹಾಕಿಕೊಂಡು ಬಂದರು. ಕೊನೆಗೆ 3-1ರಲ್ಲಿ ಸೋತರು. ಬೂದು ಬಿಟ್ಟು ಬೇರೆ ಬಣ್ಣ ಹಾಕಿದ್ದರೆ ಗೆಲ್ಲುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಪಾಸ್ ಕೊಡುವವನು ಜೊತೆಗಾರನನ್ನು ನೇರವಾಗಿ ನೋಡುವುದೇ ಇಲ್ಲ, ಕಣ್ಣಂಚಿನಲ್ಲಿ ಬಣ್ಣ ಹಿಡಿಯುತ್ತಾನೆ. ಹಿಂದಿನ ಜನಜಂಗುಳಿ, ಗೋಡೆ, ದೂಳಿನಲ್ಲಿ ಬೂದು ಕರಗಿಹೋಗುತ್ತದೆ. ನಮ್ಮ ಕಡೆಯ ಮೈದಾನಗಳಲ್ಲಿ ಹುಲ್ಲಿಗಿಂತ ಮಣ್ಣೇ ಜಾಸ್ತಿ. ಆಟ ಬಿರುಸಾದರೆ ದೂಳಿನ ಮೋಡ. ಅಲ್ಲಿ ಬೂದು ಜರ್ಸಿ ಹಾಕಿ ಆಡಿಸುವುದು ಹುಡುಗರಿಗೆ ಮಾಡುವ ಅನ್ಯಾಯ.

ಬಳ್ಳಾರಿ ಸೀಮೆಯ ಗ್ರಾನೈಟಿನಲ್ಲಿ ಬೂದಿನ ಜೊತೆ ತಿಳಿ ಗುಲಾಬಿಯೂ ಇದೆ. ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳ ಬಣ್ಣ ಅದು. ಹೊಸದಾಗಿ ಒಡೆದ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ. ಆ ಗುಲಾಬಿಯನ್ನು ಇನ್ನೂ ತಿಳಿ ಮಾಡಿ, ಹೆಚ್ಚುಕಮ್ಮಿ ಬಿಳಿಗೆ ಹತ್ತಿರ ತನ್ನಿ. ಅದರ ಮೇಲೆ ಕಪ್ಪು ಪಟ್ಟಿ ಎದ್ದು ಕಾಣುತ್ತದೆ. ಬಳ್ಳಾರಿಯ ಬಿಸಿಲಿಗೂ ತಿಳಿ ಬಣ್ಣವೇ ಒಳ್ಳೆಯದು, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪೂರ್ತಿ ಕಪ್ಪು ಜರ್ಸಿ ಹಾಕಿ ಓಡಿಸಬಾರದು. ತಿಳಿ ಬಣ್ಣದ ತೆಳು ಬಟ್ಟೆ ಬೆವರಿಗೆ ಮೈಗಂಟಿ ಒಳಗಿನದು ಕಾಣಿಸುತ್ತದೆ ಎಂಬುದು ನಿಜ. ಅದಕ್ಕೆ 150 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ) ಆಸುಪಾಸಿನ ಪಾಲಿಯೆಸ್ಟರ್ ತೆಗೆದುಕೊಳ್ಳಿ, ತೀರಾ ತೆಳುವಾದದ್ದು ಬೇಡ.

ಪಟ್ಟಿ ಎಲ್ಲಿಂದ ಎಲ್ಲಿಗೆ? ತಂಡದ ಲಾಂಛನ ಆಟಗಾರನ ಎಡ ಎದೆ ಮೇಲೆ ಬರುತ್ತದೆ. ಪಟ್ಟಿ ಎಡ ಹೆಗಲಿನಿಂದ ಹೊರಟರೆ ಲಾಂಛನದ ಮೇಲೇ ಹಾದುಹೋಗುತ್ತದೆ, ಎರಡೂ ಕೆಡುತ್ತವೆ. ಹಾಗಾಗಿ ಬಲ ಹೆಗಲಿನಿಂದ ಎಡ ಸೊಂಟಕ್ಕೆ ಇಳಿಸಿ. ದೊಡ್ಡವರ ಅಳತೆಗೆ 12ರಿಂದ 14 ಸೆಂಟಿಮೀಟರ್ ಅಗಲ ಸಾಕು. ಅಂಚು ನೇರವಾಗಿರಲಿ. ನಿಜವಾದ ಬಂಡೆಯ ಅಂಚು ಅಂಕುಡೊಂಕು ಇರುತ್ತದೆ, ಹಾಗೇ ಮಾಡೋಣ ಅಂತ ವಿನ್ಯಾಸ ಮಾಡುವವರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ದೂರದಿಂದ ಅದು ಹರಿದ ಬಟ್ಟೆಯಂತೆ ಕಾಣುತ್ತದೆ. ಪ್ರಾಯೋಜಕರ ಹೆಸರು ಇದ್ದರೆ ಪಟ್ಟಿಯನ್ನು ಅಡ್ಡ ಕತ್ತರಿಸದ ಹಾಗೆ ತೋಳಿಗೆ ಅಥವಾ ಬೆನ್ನಿನ ಕೆಳಭಾಗಕ್ಕೆ ಕಳಿಸಿ. ದುಡ್ಡು ಕೊಡುವವರಿಗೆ ಮೊದಲೇ ತಿಳಿಸಿಬಿಡಿ, ಆಮೇಲೆ ಮನಸ್ತಾಪ ಬೇಡ.

ಇನ್ನು ಪಟ್ಟಿಯ ಒಳಗೆ. ಇಲ್ಲಿ ಆ ಚುಕ್ಕಿಗಳು ಬರಬೇಕು. ದೂರದಿಂದ ಪಟ್ಟಿ ಕಪ್ಪಾಗಿಯೇ ಕಾಣಬೇಕು. ಪಕ್ಕದಲ್ಲಿ ನಿಂತಾಗ ಮಾತ್ರ, ಕಲ್ಲಿನ ಮೇಲೆ ಕುಟ್ಟಿದ ಹಾಗೆ, ಒಂದು ಸ್ವಲ್ಪ ತಿಳಿಯಾದ ಚುಕ್ಕಿಗಳು ಕಾಣಬೇಕು. ಕಂಪ್ಯೂಟರಿನಲ್ಲಿ ಸಾಲಾಗಿ ಚುಕ್ಕಿ ಇಟ್ಟುಬಿಡಬೇಡಿ. ಕೈ ಏಟು ಒಂದರ ಹಾಗೆ ಒಂದು ಇರುವುದಿಲ್ಲ. ಒಂದು ಕಡೆ ಒತ್ತಾಗಿ, ಒಂದು ಕಡೆ ಬಿಡಿಯಾಗಿ, ಕೆಲವು ಒಂದರ ಮೇಲೊಂದು ಬಿದ್ದು ಇರುತ್ತವೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ನಿಜವಾದ ಬಂಡೆಯ ಫೋಟೋ ತೆಗೆದು, ಆ ಫೋಟೋ ಮೇಲೆ ಟ್ರೇಸ್ ಮಾಡಿ. ಈ ಕೆಲಸವನ್ನು ತಂಡದ ಹುಡುಗರಿಂದಲೇ ಮಾಡಿಸಿ. ನಾಳೆ ಯಾರಾದರೂ ಈ ಚುಕ್ಕಿ ಏನು ಅಂತ ಕೇಳಿದರೆ ಅವರೇ ಉತ್ತರ ಕೊಡುತ್ತಾರೆ. ಎರಡು ಮೂರು ಮಿಲಿಮೀಟರಿಗಿಂತ ಸಣ್ಣ ಚುಕ್ಕಿ ಬೇಡ, ಜರ್ಸಿ ಬಟ್ಟೆಯ ತೂತುಗಳ ನಡುವೆ ಕಳೆದುಹೋಗುತ್ತದೆ. ಮತ್ತೆ, ಚಿಕ್ಕ ಹುಡುಗರ ಅಳತೆಗೆ ಜರ್ಸಿ ಚಿಕ್ಕದು ಮಾಡುವಾಗ ಪಟ್ಟಿ ಚಿಕ್ಕದಾಗಲಿ, ಚುಕ್ಕಿ ಚಿಕ್ಕದಾಗುವುದು ಬೇಡ. ಇದನ್ನು ಪ್ರಿಂಟ್ ಮಾಡುವವರಿಗೆ ಬಿಡಿಸಿ ಹೇಳಿ. ಹೇಳದಿದ್ದರೆ ಇಡೀ ಚಿತ್ರವನ್ನು ಒಟ್ಟಿಗೇ ಕುಗ್ಗಿಸಿಬಿಡುತ್ತಾರೆ.

ನಾದದ ಬಂಡೆ ಅಂದ ಮೇಲೆ ಆ ಶಬ್ದದ ಅಲೆಯ ಗ್ರಾಫ್ ಹಾಕೋಣ ಅಂತ ಯಾರಿಗಾದರೂ ಹೊಳೆಯುತ್ತದೆ. ಬಿಡಿ. ಆಸ್ಪತ್ರೆಯ ಇಸಿಜಿ ಹಾಗೆ ಕಾಣುತ್ತದೆ. ಎತ್ತಿನ ಚಿತ್ರವನ್ನೂ ಈ ಜರ್ಸಿಗೆ ತರಬೇಡಿ. ಒಂದು ಜರ್ಸಿಯಲ್ಲಿ ಒಂದೇ ಮಾತು ಇದ್ದರೆ ಚೆನ್ನ. ಎತ್ತು ಬೇಕೇ ಬೇಕು ಅಂದರೆ ಅಭ್ಯಾಸದ ಟೀ ಶರ್ಟಿಗೆ ಇರಲಿ. ಕೊರಳ ಪಟ್ಟಿಯ ಒಳಗೆ, ಆಟಗಾರನಿಗೆ ಮಾತ್ರ ಕಾಣುವ ಜಾಗದಲ್ಲಿ, ಹಿರೇಗುಡ್ಡ ಅಂತ ಕನ್ನಡದಲ್ಲಿ ಬರೆಸಿ.

ಬೆನ್ನಿನ ಕಡೆ ನಿಯಮ ನೋಡಬೇಕು. ಫಿಫಾ ನಿಯಮದ ಪ್ರಕಾರ ಬೆನ್ನಿನ ನಂಬರ್ 25ರಿಂದ 35 ಸೆಂಟಿಮೀಟರ್ ಎತ್ತರ ಇರಬೇಕು, ಹಿನ್ನೆಲೆಯಿಂದ ಎದ್ದು ಕಾಣಬೇಕು. ಬೆನ್ನಿನ ಮೇಲೂ ಪಟ್ಟಿ ಓಡಿಸಿದರೆ ನಂಬರ್ ಅರ್ಧ ತಿಳಿ ಬಣ್ಣದ ಮೇಲೆ, ಅರ್ಧ ಕಪ್ಪಿನ ಮೇಲೆ ಬೀಳುತ್ತದೆ, ರೆಫರಿಗೆ ಓದಲು ಆಗುವುದಿಲ್ಲ. ಬೆನ್ನು ಖಾಲಿ ಬಿಡಿ, ನಂಬರ್ ಅದೇ ಕಲ್ಲಿನ ಕಪ್ಪಿನಲ್ಲಿ ಬರಲಿ. ಗೋಲ್ ಕೀಪರ್ ಜರ್ಸಿ ಎರಡೂ ತಂಡದ ಆಟಗಾರರಿಗಿಂತ, ರೆಫರಿಗಿಂತ ಬೇರೆಯಾಗಿ ಕಾಣಬೇಕು. ಅವನಿಗೆ ಢಾಳಾದ ಹಳದಿ ಕೊಡಿ, ಪಟ್ಟಿ ಅದೇ ಇರಲಿ. ರಾಜಕೀಯ, ಧರ್ಮದ ಘೋಷಣೆ, ಚಿಹ್ನೆ ಯಾವುದೂ ಇರಬಾರದು ಎಂಬುದು ಆಟದ ನಾಲ್ಕನೇ ನಿಯಮದಲ್ಲೇ ಇದೆ.

ಪ್ರಿಂಟಿಂಗ್‌ಗೆ ಸಬ್ಲಿಮೇಷನ್ ಮಾಡಿಸಿ. ಶಾಯಿಯನ್ನು ಮೊದಲು ಕಾಗದದ ಮೇಲೆ ಮುದ್ರಿಸಿ, ಬಟ್ಟೆ ಮೇಲಿಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಗಟ್ಟಿ ಬಣ್ಣ ನೇರವಾಗಿ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗೇ ಸೇರುತ್ತದೆ. ಮೇಲೆ ಅಂಟಿದ ಪದರ ಇರುವುದಿಲ್ಲ, ಹಾಗಾಗಿ ಸಿಪ್ಪೆ ಏಳುವುದಿಲ್ಲ, ಗಾಳಿ ಆಡಲು ಅಡ್ಡಿ ಇಲ್ಲ. ಹತ್ತಿ ಬಟ್ಟೆಗೆ ಇದು ಹಿಡಿಯುವುದಿಲ್ಲ. ಇದರಲ್ಲಿ ಬಿಳಿ ಶಾಯಿ ಇಲ್ಲ, ಬಟ್ಟೆಯ ಬಿಳಿಯೇ ಬಿಳಿ. ಹಾಗಾಗಿ ಬಿಳಿ ಬಟ್ಟೆಯಿಂದಲೇ ಶುರು ಮಾಡಬೇಕು. ಮುಖ್ಯವಾಗಿ ಕಪ್ಪಿನ ಮೇಲೆ ಕಣ್ಣಿಡಿ. ಶಾಖ ಅಥವಾ ಸಮಯ ಹೆಚ್ಚುಕಮ್ಮಿ ಆದರೆ ಕಪ್ಪು ಕಂದಾಗಿ ಬರುತ್ತದೆ. ಡೊಲೆರೈಟ್ ಕಾಡಿಗೆಯಂಥ ಕಪ್ಪಲ್ಲ, ಹೊಸದಾಗಿ ಒಡೆದ ಜಾಗದಲ್ಲಿ ಸ್ವಲ್ಪ ಹಸಿರು ಬೆರೆತ ಗಾಢ ಬೂದು. ಅಲ್ಲಿನ ಒಂದು ಒಳ್ಳೆಯ ಫೋಟೋ ಕೊಟ್ಟು ಬಣ್ಣ ಹೊಂದಿಸಿ. ಮತ್ತೊಂದು ವಿಷಯ. ಹೊಲಿದ ಜರ್ಸಿ ಮೇಲೆ ಪ್ರಿಂಟ್ ಮಾಡಿಸಬೇಡಿ. ಕಂಕುಳ ಹತ್ತಿರ, ಹೊಲಿಗೆಯ ಮಡಿಕೆಯಲ್ಲಿ ಬಿಳಿ ಗೆರೆ ಉಳಿಯುತ್ತದೆ. ಮೊದಲು ಪ್ರಿಂಟ್, ಆಮೇಲೆ ಹೊಲಿಗೆ.

ಹೊಲಿಗೆ ಬಳ್ಳಾರಿಯಲ್ಲೇ ಆಗಲಿ ಎಂಬ ನಿಮ್ಮ ಆಸೆ ನನಗೆ ತುಂಬಾ ಇಷ್ಟವಾಯಿತು. ದೇಶಕ್ಕೆಲ್ಲ ಜೀನ್ಸ್ ಕಳಿಸುವ ಊರು ತನ್ನ ಹುಡುಗರ ಜರ್ಸಿಯನ್ನು ಹೊರಗೆ ಹೊಲಿಸುವುದು ಯಾಕೆ? ಆದರೆ ಜೀನ್ಸ್ ಮಿಷನ್‌ಗೆ ಜರ್ಸಿ ಬಟ್ಟೆ ಹಾಗೇ ಕೊಡಬೇಡಿ. ಡೆನಿಮ್ ನೇಯ್ದ ಬಟ್ಟೆ, ಜರ್ಸಿ ಹೆಣೆದ ಬಟ್ಟೆ. ಜರ್ಸಿ ಎಲ್ಲ ಕಡೆ ಹಿಗ್ಗುತ್ತದೆ. ಜೀನ್ಸ್‌ನ ಲಾಕ್‌ಸ್ಟಿಚ್ ಹೊಲಿಗೆ ಹಿಗ್ಗುವುದಿಲ್ಲ. ಹುಡುಗ ಥ್ರೋ ಹಾಕಲು ಕೈ ಎತ್ತಿದರೆ ಕಂಕುಳಲ್ಲಿ ದಾರ ಪಟ್ ಅಂತ ಕಿತ್ತು ಬರುತ್ತದೆ. ಡೆನಿಮ್ ಸೂಜಿಯ ಮೊನೆ ದಪ್ಪ ಮತ್ತು ಚೂಪು, ಅದು ಹೆಣಿಗೆಯ ನೂಲನ್ನೇ ಕತ್ತರಿಸಿ ತೂತು ಮಾಡುತ್ತದೆ. ನಾಲ್ಕು ದಾರದ ಓವರ್‌ಲಾಕ್, ತೋಳಿಗೆ ಅಂಚಿಗೆ ಫ್ಲ್ಯಾಟ್‌ಲಾಕ್, ತುದಿ ದುಂಡಾದ ಬಾಲ್ ಪಾಯಿಂಟ್ ಸೂಜಿ, ಈ ಮೂರು ಇರುವ ಘಟಕ ಹುಡುಕಿ. ಜೀನ್ಸ್ ಘಟಕಗಳಲ್ಲೂ ಅಂಚು ಕಟ್ಟಲು ಓವರ್‌ಲಾಕ್ ಮಿಷನ್ ಇರುತ್ತದೆ. ಸೂಜಿ, ದಾರ ಬದಲಾಯಿಸಿ ಒಂದು ಜರ್ಸಿ ಹೊಲಿದು ತೋರಿಸಿ ಅಂತ ಕೇಳಿ. ಕಟಿಂಗ್ ಮಾಸ್ಟರ್ ಜೊತೆ ಕೂತು ಎಡ ಸೊಂಟದಲ್ಲಿ ಪಟ್ಟಿ ಎಲ್ಲಿ ಮುಗಿಯಬೇಕು ಅಂತ ಗುರುತು ಹಾಕಿಸಿ. ಎಲ್ಲ ಅಳತೆಯಲ್ಲೂ ಪಟ್ಟಿ ಪಕ್ಕದ ಹೊಲಿಗೆಗೆ ಒಂದೇ ಎತ್ತರದಲ್ಲಿ ಹೋಗಿ ಮುಟ್ಟಬೇಕು. ತಂಡ ಸಾಲಾಗಿ ನಿಂತಾಗ ಅದು ಕಾಣುತ್ತದೆ.

ಎದುರು ತಂಡದ್ದೂ ಬಿಳಿ ಇದ್ದರೆ ಎರಡನೇ ಜರ್ಸಿ ಬೇಕು. ಅದಕ್ಕೆ ಸಂಡೂರಿನ ಕಲ್ಲು ನೋಡಿ. ಸುಮಾರು 270 ಕೋಟಿ ವರ್ಷ ಹಳೆಯ ಶಿಲೆಗಳು. ಅಲ್ಲಿನ ಪಟ್ಟೆ ಕಬ್ಬಿಣದ ಕಲ್ಲಿನಲ್ಲಿ ಕೆಂಪು, ಕಪ್ಪು ಗೆರೆಗಳು ಒಂದರ ಮೇಲೊಂದು ಪುಸ್ತಕದ ಹಾಳೆಯಷ್ಟು ಅಚ್ಚುಕಟ್ಟಾಗಿ ಕೂತಿವೆ. ಆಗಿನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ, ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕದ ಜೊತೆ ಸೇರಿ ತಳಕ್ಕೆ ಇಳಿದು ಪದರವಾಯಿತು ಎಂಬುದು ವಿಜ್ಞಾನಿಗಳು ಹೆಚ್ಚಾಗಿ ಒಪ್ಪುವ ವಿವರಣೆ. ಕಡುಗೆಂಪು ಜರ್ಸಿ, ಅದರಲ್ಲಿ ಅಡ್ಡಲಾಗಿ ತೆಳು ಕಪ್ಪು ಗೆರೆಗಳು, ಬೆನ್ನಲ್ಲಿ ನಂಬರಿಗೆ ಖಾಲಿ ಜಾಗ. ಗಣಿಯ ಯಂತ್ರ, ಲಾರಿ, ಕಂಪನಿ ಚಿಹ್ನೆ ಮಾತ್ರ ಬೇಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಬೇಕಾಗಿ ಬಂದ ದಿನಗಳು ಇಲ್ಲಿ ಯಾರಿಗೂ ಮರೆತಿಲ್ಲ. ಗೌರವ ಕಲ್ಲಿಗೆ ಸಲ್ಲಲಿ.

ಹಿರೇಗುಡ್ಡಕ್ಕೆ ಹೋಗುವಾಗ ಮ್ಯೂಸಿಯಂನವರನ್ನು ಕೇಳಿ, ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಸುತ್ತಿನಲ್ಲಿ ಕಲ್ಲು ಗಣಿಗಾರಿಕೆಯಿಂದ ಆಗಲೇ ಹಾನಿ ಆಗಿದೆ. ನಾದ ಬರುತ್ತದೆ ಅಂತ ಹುಡುಗರು ಸಿಕ್ಕ ಸಿಕ್ಕ ಬಂಡೆಗೆ ಹೊಡೆಯಬಾರದು, ಚಿತ್ರ ಚೆನ್ನಾಗಿ ಕಾಣಲಿ ಅಂತ ಸೀಮೆಸುಣ್ಣ ತಿಕ್ಕಬಾರದು. ಕೆಳಗೆ ಬಿದ್ದ ಚಕ್ಕೆಯನ್ನು ಜೇಬಿಗೆ ಹಾಕಿಕೊಂಡು ಬರಬಾರದು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿಗೆ ಕುಟ್ಟಿದ ಗುರುತುಗಳು ತಾವಾಗಿಯೇ ಎದ್ದು ಕಾಣುತ್ತವೆ, ಫೋಟೋಕ್ಕೂ ಒಳ್ಳೆಯದು.

ಪೂರ್ತಿ ಆರ್ಡರ್ ಕೊಡುವ ಮೊದಲು ಒಂದೇ ಒಂದು ಜರ್ಸಿ ಮಾಡಿಸಿ. ಅದನ್ನು ಒಬ್ಬ ಹುಡುಗನಿಗೆ ಹಾಕಿಸಿ ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ, ಸಂಜೆ ದೂಳಿನಲ್ಲಿ ಒಮ್ಮೆ ಆಡಿಸಿ. ನೀವು ಮೈದಾನದ ಆ ತುದಿಯಲ್ಲಿ ನಿಂತು ನೋಡಿ. ಪಟ್ಟಿ ಕಾಣುತ್ತಾ, ನಂಬರ್ ಓದಲು ಆಗುತ್ತಾ ಅಂತ ಪರೀಕ್ಷಿಸಿ. ಆಮೇಲೆ ಮನೆಯಲ್ಲಿ ಮಾಮೂಲಿ ಸೋಪಿನ ಪುಡಿಯಲ್ಲಿ ನಾಲ್ಕೈದು ಸಲ ತೊಳೆದು ಒಣಗಿಸಿ, ಕಪ್ಪು ಮತ್ತು ಗುಲಾಬಿ ಸೇರುವ ಅಂಚಿನಲ್ಲಿ ಬಣ್ಣ ಹಬ್ಬಿದೆಯಾ ನೋಡಿ. ಕಂಕುಳ ಹೊಲಿಗೆಯನ್ನು ಎರಡೂ ಕೈಯಲ್ಲಿ ಎಳೆದು ನೋಡಿ. ಎಲ್ಲ ಸರಿ ಇದ್ದರೆ ಉಳಿದದ್ದಕ್ಕೆ ಮುಂಗಡ ಕೊಡಿ. ಟ್ರೇಸ್ ಮಾಡಿದ ಚುಕ್ಕಿಗಳ ಮೂಲ ಫೈಲ್ ತಂಡದ ಹತ್ತಿರವೇ ಇರಲಿ, ಮುಂದಿನ ವರ್ಷ ಹೊಸ ಹುಡುಗರು ಸೇರಿದಾಗ ಬೇಕಾಗುತ್ತದೆ.